ಹೊಸತಕ್ಕಿಂತ ಹಳತಕ್ಕೇ ಕ್ರಯ ಹೆಚ್ಚು

ಹಳೆಯ ಕಾರಿನ ಬ್ರೋಕರನಾದವನಿಗೆ ನಗಲಿಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ; ನಗೆ ತಾನಾಗಿ ವಿಳಾಸ ಕೇಳಿಕೊಂಡು ಬರುತ್ತದೆ. ಉಡುಪಿಯಲ್ಲಿ ಹದಿನೈದು ವರ್ಷ ನಾನು ಆ ಕೆಲಸ ಮಾಡಿದೆ. ಆಫೀಸು ಇರಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಹೋಟೆಲಿನ ಮೂಲೆಯ ಮೇಜೇ ಆಫೀಸು, ಗಂಟೆಗೊಂದು ಕಾಫಿಯೇ ಬಾಡಿಗೆ.

ಎಪ್ಪತ್ತರ ದಶಕದ ಮಾತು. ಆಗ ದೇಶದಲ್ಲಿ ಇದ್ದದ್ದೇ ಎರಡು ಮೂರು ನಮೂನೆಯ ಕಾರು. ಅದಕ್ಕೂ ಮುಂಗಡ ಕಟ್ಟಿ, ಹೆಸರು ಬರೆಸಿ, ವರ್ಷಗಟ್ಟಲೆ ಕಾಯಬೇಕು. ಕಾಯಲಿಕ್ಕೆ ಆಗದವರು ನನ್ನ ಮೇಜಿಗೆ ಬರುತ್ತಿದ್ದರು. ಹೊಸ ಕಾರಿಗೆ ಸರಕಾರದ ಕ್ರಯ, ಹಳೆಯ ಕಾರಿಗೆ ಅದರ ಯಜಮಾನನ ಕ್ರಯ. ಸರಕಾರಕ್ಕಾದರೂ ಸ್ವಲ್ಪ ನಾಚಿಕೆ ಇತ್ತು.

ಸವಕಳಿ

ಮಣಿಪಾಲದಲ್ಲಿ ಅರ್ಥಶಾಸ್ತ್ರ ಕಲಿಸುವ ಒಬ್ಬರು ಲೆಕ್ಚರರ್ ಇದ್ದರು. ಪರ್ಕಳದಲ್ಲಿ ಬಾಡಿಗೆ ಮನೆ. ಹೆಂಡತಿಗೆ ಬಸ್ಸಿನ ನೂಕುನುಗ್ಗಲು ಆಗುವುದಿಲ್ಲ ಎಂದು ಕಾರು ನೋಡಲು ಬಂದರು. ಏಳು ವರ್ಷ ಓಡಿದ ಒಂದು ಕಾರು ತೋರಿಸಿದೆ. ಕ್ರಯ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು, ಕ್ರಯ ಕಿವಿಗೆ ಕೇಳಿದ್ದಲ್ಲ, ಕಣ್ಣಿಗೆ ಕಂಡದ್ದು ಎಂಬ ಹಾಗೆ.

"ಇದು ಹೊಸ ಕಾರಿನ ಕ್ರಯಕ್ಕಿಂತ ಹೆಚ್ಚಾಯಿತಲ್ಲ?"

"ಹೌದು ಸರ್. ಹೊಸದು ಸಿಗುವುದಿಲ್ಲ, ಇದು ಸಿಗುತ್ತದೆ."

"ನೋಡಿ, ಯಂತ್ರ ಅಂದ ಮೇಲೆ ಸವಕಳಿ ಅಂತ ಒಂದು ಉಂಟು. ವರ್ಷ ವರ್ಷವೂ ಅದರ ಬೆಲೆ ಇಳಿಯಬೇಕು. ನಾನು ಇದನ್ನೇ ಮಕ್ಕಳಿಗೆ ಕಲಿಸುವುದು." ಹೋಟೆಲಿನ ಬಿಲ್ಲಿನ ಹಿಂದೆ ಗೆರೆ ಎಳೆದು, ಕಾರು ಹೇಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುತ್ತದೆಂದು ತೋರಿಸಿದರು. "ಆರು ತಿಂಗಳು ಬಿಟ್ಟು ಬರುತ್ತೇನೆ. ಇಳಿದಿರುತ್ತದೆ."

ಆರು ತಿಂಗಳು ಬಿಟ್ಟು ಬಂದರು. ಕ್ರಯ ಏರಿತ್ತು. ಇನ್ನೊಂದು ಬಿಲ್ಲಿನ ಹಿಂದೆ ಇನ್ನೊಂದು ಗೆರೆ ಎಳೆದು ಹೋದರು. ಮತ್ತೆ ಬಂದಾಗ ಕ್ರಯ ಇನ್ನೂ ಏರಿತ್ತು. ಹೆಂಡತಿ ಜತೆಯಲ್ಲೇ ಬಂದಿದ್ದರು. ಆಕೆ ಗಂಡನ ಕೈಯಿಂದ ಪೆನ್ನು ತೆಗೆದಿಟ್ಟುಕೊಂಡು, "ಗೆರೆ ಸಾಕು, ಕಾರು ತೆಗೊಳ್ಳಿ" ಎಂದರು. ತೆಗೆದುಕೊಂಡರು. ಅದೇ ಕಾರು, ನಡುವೆ ಎರಡು ಕೈ ದಾಟಿ ಮತ್ತೆ ನನ್ನ ಮೇಜಿಗೆ ಬಂದದ್ದು.

ಮೂರು ವರ್ಷದ ನಂತರ ಅವರಿಗೆ ದೂರದ ಊರಿನಲ್ಲಿ ದೊಡ್ಡ ಕೆಲಸ ಸಿಕ್ಕಿತು. ಕಾರು ಮಾರಬೇಕೆಂದು ನನ್ನ ಮೇಜಿಗೆ ಬಂದರು. ಎಷ್ಟು ಹೇಳುತ್ತೀರಿ ಎಂದು ಕೇಳಿದೆ. ಅವರು ಹೇಳಿದ್ದು ಕೇಳಿ ನನ್ನ ಕಾಫಿ ಮೂಗಿಗೆ ಹತ್ತಿತು.

"ಸರ್, ಅದು... ಸವಕಳಿ?"

"ಎಂತ ಸವಕಳಿ ಮಾರಾಯರೇ?" ಎಂದರು ಲೆಕ್ಚರರ್. "ಅದು ಪರೀಕ್ಷೆಗೆ ಬರುವ ಪ್ರಶ್ನೆ. ಇದು ನನ್ನ ಕಾರು."

ಸಮುದ್ರದ ಗಾಳಿ

ಮಲ್ಪೆಯ ಮೀನಿನ ವ್ಯಾಪಾರಿಯೊಬ್ಬರ ಕಾರು ಮಾರಾಟಕ್ಕೆ ಬಂತು. ಎಂಜಿನ್ ಚಿನ್ನದಂಥದ್ದು. ಆದರೆ ಲಾರಿ ಸಿಗದ ದಿನ ಅದರ ಹಿಂದಿನ ಸೀಟಿನಲ್ಲಿ ಬಂಗುಡೆಯ ಬುಟ್ಟಿಗಳು ಪ್ರಯಾಣ ಮಾಡಿದ್ದವು. ನಾನು ಮೂರು ಸಲ ಸಾಬೂನಿನಲ್ಲಿ ತೊಳೆಸಿದೆ. ಸಾಬೂನಿನ ಪರಿಮಳ ಹೋಯಿತು.

ಅದನ್ನು ನೋಡಲು ಬಂದವರು ಉಡುಪಿಯ ಒಬ್ಬ ಪುರೋಹಿತರು. ಒಂದೇ ದಿನ ಕಾಪುವಿನಲ್ಲಿ ಗೃಹಪ್ರವೇಶ, ಕಾರ್ಕಳದಲ್ಲಿ ಉಪನಯನ ಬಂದರೆ ಒಂದನ್ನು ಬಿಡಬೇಕಾಗುತ್ತಿತ್ತು. ಬಿಟ್ಟದ್ದನ್ನು ಬೇರೆ ಭಟ್ಟರು ಹಿಡಿದುಕೊಳ್ಳುತ್ತಿದ್ದರು. ಹಾಗಾಗಿ ಅವರಿಗೆ ಕಾರು ಬೇಕೇ ಬೇಕಿತ್ತು. ಅವರ ಮೂಗು ಎಷ್ಟು ಸೂಕ್ಷ್ಮವೆಂದರೆ, ಮೀನು ಮಾರ್ಕೆಟಿನ ರಸ್ತೆ ತಪ್ಪಿಸಲು ಅರ್ಧ ಮೈಲು ಸುತ್ತು ಹಾಕಿ ಹೋಗುವವರು.

ಬಾಗಿಲು ತೆಗೆದೆ. ಭಟ್ಟರು ತಲೆ ಒಳಗೆ ಹಾಕಿ, ಹಾಕಿದ್ದಕ್ಕಿಂತ ಬೇಗ ಹೊರಗೆ ತೆಗೆದರು.

"ಎಂತದೋ ವಾಸನೆ ಉಂಟಲ್ಲ?"

"ಉಂಟು ಭಟ್ರೇ," ಎಂದೆ. ಸುಳ್ಳು ಹೇಳಲಿಲ್ಲ. "ನೀವು ಬಿಡಿ. ಹತ್ತು ಗಂಟೆಗೆ ಇನ್ನೊಬ್ಬರು ಬರ್ತಾರೆ. ಅವರೂ ಪುರೋಹಿತರೇ."

ಭಟ್ಟರ ಮುಖ ಬಿಗಿಯಿತು. ಮತ್ತೆ ತಲೆ ಒಳಗೆ ಹಾಕಿದರು. ಈ ಸಲ ಉದ್ದಕ್ಕೆ ಉಸಿರೆಳೆದರು. "ಅಷ್ಟೇನಿಲ್ಲ. ಸಮುದ್ರದ ಗಾಳಿ ತಾಗಿದ್ದು, ಅಲ್ವಾ?"

"ಅದೇ, ಗಾಳಿ."

"ಸಮುದ್ರಸ್ನಾನ ಪುಣ್ಯದ್ದು" ಎಂದು ತಮಗೆ ತಾವೇ ಹೇಳಿಕೊಂಡು, ಇನ್ನೊಬ್ಬ ಪುರೋಹಿತರು ಬರುವ ಮೊದಲೇ ಮುಂಗಡ ಕೊಟ್ಟರು. ಪಂಚಗವ್ಯ ಚಿಮುಕಿಸಿದರು, ಧೂಪ ಹಾಕಿದರು, ಕರ್ಪೂರ ಕಟ್ಟಿ ತೂಗುಹಾಕಿದರು. ಬಂಗುಡೆ ಯಾವುದಕ್ಕೂ ಜಗ್ಗಲಿಲ್ಲ. ಕಿಟಕಿ ಇಳಿಸಿಕೊಂಡು ಓಡಿಸಿದರು, ಮಳೆಗಾಲದಲ್ಲೂ.

ಒಂದು ವರ್ಷ ಕಳೆದು ಅವರ ಒಬ್ಬ ಯಜಮಾನರನ್ನು, ಎಂದರೆ ಪೂಜೆಗೆ ಕರೆಯುವ ಮನೆಯವರನ್ನು, ಕಂಡಾಗ ಕೇಳಿದೆ: "ಭಟ್ಟರು ಈಗ ಹೊತ್ತಿಗೆ ಸರಿಯಾಗಿ ಬರ್ತಾರಾ?"

"ಬರ್ತಾರೆ. ಹಾರ್ನ್ ಹಾಕುವುದೇ ಬೇಡ. ಕೇರಿಯ ಬೆಕ್ಕುಗಳೆಲ್ಲ ಗೇಟಿಗೆ ಓಡಿದ ಕೂಡಲೇ ನಾವು ದೀಪ ಹಚ್ಚುತ್ತೇವೆ."

ಕಾವು

ಕಾಪುವಿನ ಒಬ್ಬ ಯುವಕ ದುಬೈಯಿಂದ ಎರಡು ತಿಂಗಳ ರಜೆಯಲ್ಲಿ ಮದುವೆಯಾಗಲಿಕ್ಕೆ ಬಂದ. ದಿಬ್ಬಣ ನಮ್ಮದೇ ಕಾರಿನಲ್ಲಿ ಬರುತ್ತದೆ ಎಂದು ಹೆಣ್ಣಿನ ಮನೆಯಲ್ಲಿ ಬಾಯಿ ಜಾರಿ ಹೇಳಿಬಿಟ್ಟಿದ್ದ. ಮದುವೆಗೆ ಉಳಿದದ್ದು ಒಂದು ತಿಂಗಳು. ನನ್ನ ಕೈಯಲ್ಲಿ ಒಂದು ಕಾರೂ ಇರಲಿಲ್ಲ. ಹುಡುಕುತ್ತಾ ಹೋದಾಗ ಕಟಪಾಡಿಯ ಒಂದು ಮನೆಯ ಕೊಟ್ಟಿಗೆಯಲ್ಲಿ ನಾಲ್ಕು ವರ್ಷದಿಂದ ನಿಂತ ಒಂದು ಕಾರು ಸಿಕ್ಕಿತು. ಒಣಗಿದ ತೆಂಗಿನ ಮಡಲಿನ ರಾಶಿ ಸರಿಸಿದ ಮೇಲೆ ಅದು ಕಾರು ಎಂದು ಗೊತ್ತಾಯಿತು.

ಯಜಮಾನರು ಮಾರಲು ಒಪ್ಪಿದರು. ಹುಡುಗನೂ ಒಪ್ಪಿದ. ಬ್ಯಾಟರಿ, ಟಯರು ಹಾಕಿಸಿದರೆ ಓಡುತ್ತದೆ ಎಂದು ನಾನು ಕರೆತಂದ ಮೆಕ್ಯಾನಿಕ್ ಹೇಳಿದ. ಆಗ ಯಜಮಾನರ ಹೆಂಡತಿ ಒಳಗಿಂದ ಬಂದರು.

"ಈಗ ಕೊಡಲಿಕ್ಕೆ ಆಗುವುದಿಲ್ಲ. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿದೆ."

ಇಣುಕಿ ನೋಡಿದೆವು. ಕೋಳಿ ಕೂತಿತ್ತು. ನಮ್ಮನ್ನು ನೋಡಿದ ರೀತಿಯಲ್ಲಿ ಕಾರು ಅದರ ಹೆಸರಿನಲ್ಲೇ ಇರುವ ಹಾಗಿತ್ತು.

"ಎಬ್ಬಿಸಿದರೆ ಮೊಟ್ಟೆ ಹಾಳಾಗ್ತದೆ. ಮೊನ್ನೆ ತಾನೇ ಕೂತದ್ದು. ಇನ್ನು ಹತ್ತೊಂಬತ್ತು ದಿವಸ ಉಂಟು," ಎಂದರು ಆಕೆ. ಹುಡುಗ ಮೊಟ್ಟೆಗೆಲ್ಲ ದುಡ್ಡು ಕೊಡುತ್ತೇನೆ ಎಂದ. "ದುಬೈಯಲ್ಲಿ ದುಡ್ಡಿಗೆ ಎಲ್ಲ ಸಿಗಬಹುದು ಮಗಾ. ಇಲ್ಲಿ ತಾಯಿ ಮಕ್ಕಳನ್ನು ಬೇರೆ ಮಾಡುವುದಿಲ್ಲ," ಎಂದು ಆಕೆ ಒಳಗೆ ಹೋದರು.

ಬೇರೆ ಕಾರು ಇದ್ದಿದ್ದರೆ ಅವನು ಅಲ್ಲಿ ನಿಲ್ಲುತ್ತಿದ್ದನೇ? ದಿನಾ ಬೆಳಿಗ್ಗೆ ಕಾಪುವಿನಿಂದ ಬಸ್ಸಿನಲ್ಲಿ ಬಂದು, ಕೋಳಿಯ ಆರೋಗ್ಯ ವಿಚಾರಿಸಿ ಹೋಗುತ್ತಿದ್ದ. ಒಂದು ದಿನ ಅಕ್ಕಿಯ ನುಚ್ಚೂ ತಂದ. ಅಷ್ಟು ಆಸೆಯಿಂದ ಅವನು ಹೆಣ್ಣು ನೋಡಲಿಕ್ಕೂ ಹೋಗಿರಲಿಕ್ಕಿಲ್ಲ. ಅವನ ಆಸೆ ಕಂಡು ಯಜಮಾನರು ವಾರಕ್ಕೊಮ್ಮೆ ಕ್ರಯ ಏರಿಸಿದರು.

ಕೊನೆಗೆ ಮರಿಗಳು ಹೊರಬಂದವು. ಹಣ ಕೊಟ್ಟು ಮುಗಿಸುವಾಗ ಹುಡುಗ ಸಿಟ್ಟಿನಿಂದ, "ಇಷ್ಟು ತೆಗೊಂಡಿದ್ದೀರಿ, ಆ ಕೋಳಿಯನ್ನಾದರೂ ಇದರ ಜತೆಗೆ ಕೊಡಿ" ಎಂದ.

ಯಜಮಾನರು ಉದಾರವಾಗಿ ನಕ್ಕರು. "ಕೊಂಡು ಹೋಗಿ, ಮರಿಗಳನ್ನೂ ಕೊಂಡು ಹೋಗಿ. ಕೋಳಿಗೆಂತ ಮಾರಾಯರೇ, ಬುಕ್ ಮಾಡದೆಯೂ ಸಿಗ್ತದೆ."

ನನ್ನದೂ ಒಂದು

ಊರಿಗೆಲ್ಲ ಕಾರು ಕೊಡಿಸಿದ ನಾನು ಎಲ್ಲಿಗೆ ಹೋಗುವುದಿದ್ದರೂ ಸೈಕಲಿನಲ್ಲೇ. ಒಂದು ಸಲ ಹೆಂಡತಿಯ ಒತ್ತಾಯಕ್ಕೆ ಒಂದು ಕಾರನ್ನು ಮನೆಗೇ ಎಂದು ಇಟ್ಟುಕೊಂಡೆ. ನಾಲ್ಕನೆಯ ದಿನ ಒಬ್ಬರು ಮನೆಗೇ ಬಂದು, ನಾನು ಕೊಟ್ಟದ್ದಕ್ಕಿಂತ ಬಹಳ ಹೆಚ್ಚು ಹೇಳಿದರು. ನಾನು ಹೂಂ ಎನ್ನಬೇಕೋ ಬೇಡವೋ ಎಂದು ಯೋಚಿಸುವುದರೊಳಗೆ ಹೆಂಡತಿ ಕೀ ತಂದು ಅವರ ಕೈಗಿತ್ತಳು. ಅವಳಿಗೆ ಬಂದಷ್ಟು ವ್ಯಾಪಾರ ನನಗೆ ಹದಿನೈದು ವರ್ಷದಲ್ಲಿ ಬರಲಿಲ್ಲ.

ದೊಡ್ಡಮ್ಮನ ಹೆಸರಿನ ಕಾರು

ಕಾರ್ಕಳದ ಹತ್ತಿರ ಒಂದು ಮನೆ. ಮೂವರು ಅಣ್ಣತಮ್ಮಂದಿರು, ಅವರ ಹೆಂಡತಿಯರು. ಮೂಲೆಯ ಕೋಣೆಯಲ್ಲಿ ಅವರ ದೊಡ್ಡಪ್ಪನ ಹೆಂಡತಿ, ಮಕ್ಕಳಿಲ್ಲದ ವಿಧವೆ. ಕಾರು ಬುಕ್ ಮಾಡುವಾಗ ಒಬ್ಬರ ಹೆಸರಿನಲ್ಲಿ ಒಂದೇ ಬರೆಸಬಹುದಿತ್ತು. ಅಣ್ಣತಮ್ಮಂದಿರು ತಮ್ಮ ತಮ್ಮ ಹೆಸರು ಬರೆಸಿ, ಇರಲಿ ಎಂದು ದೊಡ್ಡಮ್ಮನ ಹೆಸರನ್ನೂ ಬರೆಸಿದರು. ಕಾರು ಬಂದ ಕೂಡಲೇ ನನ್ನ ಮೂಲಕ ಮಾರುವ ಅಂದಾಜು. ಹೊಸ ಕಾರು ನಾಲ್ಕು ಮೈಲು ಓಡಿದರೆ ಹಳತು, ಹಳತಾದ ಕೂಡಲೇ ಕ್ರಯ ಹೆಚ್ಚು.

ಮೂವರಿಗೂ ಒಂದೊಂದಾಗಿ ಕಾರು ಬಂದು ಮಾರಿಯೂ ಆಯಿತು. ದೊಡ್ಡಮ್ಮನದ್ದು ಮಾತ್ರ ಬರಲಿಲ್ಲ. ಅವರು ತೀರಿಕೊಂಡರೆ ಬುಕಿಂಗ್ ರದ್ದಾಗುತ್ತದೆ ಎಂದು ಯಾರೋ ಹೇಳಿದರು. ಅಂದಿನಿಂದ ಆ ಮನೆಯ ದಿನಚರಿಯೇ ಬದಲಾಯಿತು. ಮೊದಲು ಎಲ್ಲರ ಊಟವಾದ ಮೇಲೆ ಉಳಿದದ್ದು ಆ ಕೋಣೆಗೆ ಹೋಗುತ್ತಿತ್ತಂತೆ. ಈಗ ಬೆಳಿಗ್ಗೆ ಬಿಸಿ ಗಂಜಿ, ತುಪ್ಪ, ಹನ್ನೊಂದಕ್ಕೆ ಬೊಂಡದ ಎಳನೀರು, ಕೆಮ್ಮಿದರೆ ಮೂವರು ಸೊಸೆಯಂದಿರೂ ಮೂರು ಕಡೆಯಿಂದ ಕಷಾಯ ತರುತ್ತಿದ್ದರು. ಹೊಸ ಹಾಸಿಗೆ ಬಂತು, ಫ್ಯಾನು ಬಂತು. ವಾರಕ್ಕೊಮ್ಮೆ ಡಾಕ್ಟರು. ಬಾವಿಯ ಕಡೆ ಹೋಗಲಿಕ್ಕೆ ಬಿಡುತ್ತಿರಲಿಲ್ಲ, ಜಾರಿಬಿಟ್ಟರೆ?

ಮೂರು ತಿಂಗಳಿಗೊಮ್ಮೆ ನಾನು ಹೋಗಿ ವಿಚಾರಿಸುತ್ತಿದ್ದೆ. "ಕಾಗದ ಬಂತಾ?" "ಇಲ್ಲ ಮಾರಾಯರೇ. ಮಂಗಳೂರಿಗೆ ಹೋಗಿ ಕೇಳಿದರೆ ಬರ್ತದೆ, ಬರ್ತದೆ ಅಂತಾರೆ." ದೊಡ್ಡಮ್ಮ ಮಾತ್ರ ವರ್ಷದಿಂದ ವರ್ಷಕ್ಕೆ ಮಿನುಗುತ್ತಿದ್ದರು. ಎಂಬತ್ತು ದಾಟಿದ ಮೇಲೆ ಅವರ ಕೆನ್ನೆ ತುಂಬಿದ್ದನ್ನು ನಾನೇ ಕಣ್ಣಾರೆ ಕಂಡೆ.

ಒಂದು ದಿನ ನಾನು ಹೋದಾಗ ಮನೆಯವರೆಲ್ಲ ಮದುವೆಗೆ ಹೋಗಿದ್ದರು. ದೊಡ್ಡಮ್ಮ ಒಬ್ಬರೇ ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದರು.

"ಬಾ ಮಗಾ, ಕೂತುಕೋ. ನಿನ್ನಲ್ಲೊಂದು ಕೇಳಬೇಕಿತ್ತು. ಇವರಲ್ಲಿ ಹೇಳಬಾರದು." ಎಲೆಯಡಿಕೆಯ ಪೆಟ್ಟಿಗೆಯ ತಳದಿಂದ ಒಂದು ಲಕೋಟೆ ತೆಗೆದುಕೊಟ್ಟರು. ಸುಣ್ಣದ ಕಲೆ ಹಿಡಿದು ಹಳದಿಯಾಗಿತ್ತು. ಓದಿದೆ. ಇಂತಿಷ್ಟು ದಿನದೊಳಗೆ ಬಂದು ಕಾರು ತೆಗೆದುಕೊಂಡು ಹೋಗಿ ಎಂಬ ಕಾಗದ. ಎರಡು ವರ್ಷ ಹಿಂದಿನದು.

"ಅಮ್ಮಾ, ಇದು ಬಂದು ಎರಡು ವರ್ಷವಾಯಿತಲ್ಲ!"

"ಗೊತ್ತುಂಟು. ಪೋಸ್ಟಿನವ ನನ್ನ ಕೈಯಲ್ಲೇ ಹೆಬ್ಬೆಟ್ಟು ಒತ್ತಿಸಿ ಕೊಟ್ಟದ್ದು. ಓದಿಯೂ ಹೇಳಿದ."

"ಮತ್ತೆ ಇವರಲ್ಲಿ ಹೇಳಲಿಲ್ಲವಾ?"

ಅವರು ನನ್ನನ್ನು ಬುದ್ಧಿಯಿಲ್ಲದವನನ್ನು ನೋಡುವ ಹಾಗೆ ನೋಡಿದರು. "ಹೇಳಿದರೆ ಕಾರು ಬರುತ್ತಿತ್ತು. ತುಪ್ಪ ಬರುತ್ತಿತ್ತಾ?"

ಲಕೋಟೆಯನ್ನು ಅವರ ಕೈಗೇ ಹಿಂದೆ ಕೊಟ್ಟೆ. ಆ ಕಾಗದದಲ್ಲಿ ನನ್ನ ಕಮಿಷನ್ನೂ ಸತ್ತು ಮಲಗಿತ್ತು. ಆದರೂ ಸಿಟ್ಟು ಬರಲಿಲ್ಲ. ಇಡೀ ಜಿಲ್ಲೆಯಲ್ಲಿ ಹೊಸ ಕಾರಿನ ಅಭಾವದಿಂದ ಲಾಭ ಮಾಡಿದವರು ನಾವೇ ಬ್ರೋಕರುಗಳು ಎಂದು ಬೀಗುತ್ತಿದ್ದೆನಲ್ಲ, ಅದೊಂದು ಇಳಿಯಿತು.

"ಇವರು ಈ ಸಲ ಮಂಗಳೂರಿಗೆ ಹೋದರೆ ಸರಿಯಾಗಿ ವಿಚಾರಿಸುವ ಹಾಗೆ ಕಾಣ್ತದೆ," ಎಂದರು ದೊಡ್ಡಮ್ಮ, ಎಲೆ ಮಡಚಿ ಬಾಯಿಗಿಡುತ್ತಾ. "ಅದಕ್ಕೆ ನಿನ್ನಲ್ಲಿ ಕೇಳಿದ್ದು. ನನ್ನ ಹೆಸರಿನಲ್ಲಿ ಇನ್ನೊಂದು ಬುಕ್ ಮಾಡಲಿಕ್ಕೆ ಆಗ್ತದಾ?"

"ಆಗಬಹುದು ಅಮ್ಮಾ, ಹಳೆಯ ಬುಕಿಂಗ್ ವಾಯಿದೆ ಮುಗಿದು ರದ್ದಾಗಿರ್ತದೆ. ಈಗ ಹೊಸತೊಂದು ಸಣ್ಣ ಕಾರು ಬರ್ತಾ ಉಂಟು. ಅದಕ್ಕೆ ಬರೆಸಿದರೆ ಬೇಗ ಸಿಗಬಹುದು ಅಂತಾರೆ."

"ಛೆ, ಛೆ!" ದೊಡ್ಡಮ್ಮ ಗಾಬರಿಯಿಂದ ನನ್ನ ಕೈ ಹಿಡಿದುಕೊಂಡರು. "ಬೇಗ ಬರುವುದು ಬೇಡ ಮಾರಾಯ. ಎಲ್ಲದಕ್ಕಿಂತ ತಡವಾಗಿ ಬರುವ ಕಾರು ಯಾವುದುಂಟೋ, ಅದಕ್ಕೇ ಬರೆಸು."