ಬಿಟ್ಟುಬಂದ ಹುಲಿ

“ಭಾವ, ಇನ್ಮೇಲೆ ನೀವು ಬೇಕು ಅಂದ್ರೂ ಏನನ್ನೂ ಮರೆಯೋಕಾಗಲ್ಲ!” ಎಂದು ಪಶುಪತಿ ನಮ್ಮ ಹಳೆಯ ಕಾರಿನ ಬಾನೆಟ್ಟನ್ನು ಹೆಮ್ಮೆಯಿಂದ ತಟ್ಟಿದ.

ಪಶುಪತಿ ನನ್ನ ಹೆಂಡತಿಯ ತಮ್ಮ. ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದಂದಿನಿಂದ, ಮೈಸೂರಿನ ನಮ್ಮ ಬೀದಿಯ ಯಾವ ಯಂತ್ರವನ್ನೂ ಅವನು ನೆಮ್ಮದಿಯಾಗಿ ಇರಗೊಟ್ಟಿಲ್ಲ. ಈ ಸಲದ ಸೃಷ್ಟಿಯ ಹೆಸರು ‘ಸ್ಮೃತಿಸಾರಥಿ’. ಕುಕ್ಕರಿನ ಮುಚ್ಚಳದಂಥ ಒಂದು ತಟ್ಟೆ. ಅದರಿಂದ ಹೊರಟು ಸ್ಟೀರಿಂಗನ್ನು ಸುತ್ತಿಕೊಂಡ ತಾಮ್ರದ ತಂತಿ. ಸ್ಟೀರಿಂಗ್ ಹಿಡಿದವನ ಅಂಗೈಯ ಬೆವರಿನಿಂದಲೇ ‘ಏನೋ ಬಿಟ್ಟುಬಂದೆನಲ್ಲ’ ಎಂಬ ಕಸಿವಿಸಿಯನ್ನು ಅದು ಓದುತ್ತದಂತೆ.

“ಓದಿ ಏನು ಮಾಡತ್ತೋ?” ಎಂದಳು ನನ್ನ ಹೆಂಡತಿ ವಿಶಾಲು.

“ಬಿಟ್ಟ ವಸ್ತು ಎಲ್ಲಿದೆಯೋ ಕಾರು ತಾನೇ ಆ ಕಡೆ ಹೋಗತ್ತೆ ಅಕ್ಕ! ಅದು ಸಿಗೋವರೆಗೂ ಬೇರೆ ಕಡೆ ಒಂದು ಗೇಣು ಕದಲಲ್ಲ!”

ನಾನು ಸ್ಟೀರಿಂಗ್ ಹಿಡಿದೆ. ತಟ್ಟೆ ಬಸ್‌ಸ್ಟ್ಯಾಂಡಿನ ಗಂಭೀರ ಕಂಠದಲ್ಲಿ ನುಡಿಯಿತು: “ಗಮನಿಸಿ! ಬಿಟ್ಟುಬಂದ ವಸ್ತು: ಥರ್ಮಾಸಿನ ಮುಚ್ಚಳ.” ಕಾರು ಮುಂದಕ್ಕೆ ಚಿಮ್ಮಿ, ದಾಸವಾಳದ ಕುಂಡಗಳೆರಡನ್ನು ಉರುಳಿಸಿ, ಅಡಿಗೆಮನೆಯ ಕಿಟಕಿಗೆ ಮೂಗು ಒತ್ತಿ ನಿಂತಿತು. ಮುಚ್ಚಳ ನಿಜವಾಗಿಯೂ ಆ ಕಿಟಕಿಯಲ್ಲೇ ಇತ್ತು!

“ಕುಂಡ?” ಎಂದಳು ವಿಶಾಲು.

“ಅದು ಮರೆವಿನ ಲೆಕ್ಕಕ್ಕೆ ಬರಲ್ಲ ಅಕ್ಕ.”

ಬಂಡೀಪುರ, ನಾಗರಹೊಳೆ, ಕುದುರೆಮುಖ: ಒಂಬತ್ತು ದಿನದ ಪ್ರವಾಸ, ಮೂರು ಕಾಡು. ಎರಡು ತಿಂಗಳಿಂದ ನಮ್ಮ ಊಟದ ಮೇಜಿನ ಮೇಲೆ ನಕ್ಷೆಯೇ ಹಾಸಿಕೊಂಡಿತ್ತು. ನಾವು ಅದರ ಅಂಚಿನಲ್ಲಿ ಎಲ್ಲೋ ತಟ್ಟೆಯಿಟ್ಟು ಉಣ್ಣುತ್ತಿದ್ದೆವು. ವಿಶಾಲು ಚಟ್ನಿಪುಡಿ ಕುಟ್ಟಿದಳು, ಪುಳಿಯೋಗರೆ ಗೊಜ್ಜು ಕಾಯಿಸಿದಳು. ಅಟ್ಟದಿಂದ ಹಾಸಿಗೆ ಸುತ್ತುವ ಹಳೆಯ ಹೋಲ್ಡಾಲ್ ಇಳಿದಾಗ, ಅದರ ಮಡಿಕೆಯೊಳಗಿಂದ ೧೯೭೯ರ ಬಸ್ ಟಿಕೇಟೊಂದು ಒಣಗಿದ ಎಲೆಯಂತೆ ಉದುರಿತು.

ಆ ವರ್ಷ, ಮದುವೆಯಾದ ಹೊಸತರಲ್ಲಿ, ನಾವು ಕೆಂಪು ಬಸ್ಸಿನಲ್ಲಿ ಊಟಿಗೆ ಹೊರಟಿದ್ದೆವು. ಬಂಡೀಪುರ ದಾಟಿದ ಮೇಲೆ ಒಂದು ತಿರುವಿನಲ್ಲಿ ವಿಶಾಲು ನನ್ನ ತೋಳು ಹಿಡಿದು “ಹುಲಿ!” ಎಂದಳು. ನಾನು ಆಗತಾನೇ ಬಂದ ಕವನಸಂಕಲನವೊಂದರಲ್ಲಿ ಮುಳುಗಿ, ಅದರೊಳಗೆ ಪ್ರತಿಮೆಯಾಗಿ ಕುಳಿತಿದ್ದ ಹುಲಿಯೊಂದನ್ನು ಅರ್ಥಮಾಡಿಕೊಳ್ಳುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಬರಿಯ ಲಂಟಾನ ಪೊದೆ ಅಲುಗುತ್ತಿತ್ತು. ಬಸ್ಸಿನಲ್ಲಿ ಉಳಿದವರೆಲ್ಲ ನಿದ್ದೆಹೋಗಿದ್ದರಂತೆ. ಅಂದಿನಿಂದ ನಲವತ್ತೈದು ವರ್ಷ ಆ ಪೊದೆ ನನ್ನೊಳಗೆ ಅಲುಗುತ್ತಲೇ ಇದೆ. ಮುಂದಿನ ತಿಂಗಳು ನನ್ನ ಲೈಸೆನ್ಸ್ ಮುಗಿಯುತ್ತದೆ; ಕಣ್ಣಿನ ಡಾಕ್ಟರು ಇನ್ನು ಸಹಿ ಹಾಕುವುದಿಲ್ಲವೆಂದಿದ್ದಾರೆ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಾನೇ ಕಾರು ಓಡಿಸಿಕೊಂಡು ಹೋಗಿ ಹುಲಿ ನೋಡಬೇಕೆಂದರೆ ಇದೇ ಕೊನೆಯ ಅವಕಾಶ.

“ಈ ಸಲ ಪುಸ್ತಕ ತಂದ್ರೆ ನಾನು ಬರಲ್ಲ,” ಎಂದಿದ್ದಳು ವಿಶಾಲು. ನಾನು ತರಲಿಲ್ಲ.

ಬಂಡೀಪುರದ ಸಫಾರಿ ಮಧ್ಯಾಹ್ನ ಮೂರೂವರೆಗೆ. ಬೆಳಿಗ್ಗೆ ಎಂಟಕ್ಕೇ ಹೊರಟೆವು. ಹಿಂದಿನ ಸೀಟಿನಲ್ಲಿ ಪಶುಪತಿ, ಸ್ಕ್ರೂಡ್ರೈವರ್ ಸಮೇತ. ಬೀದಿಯ ತುದಿ ಮುಟ್ಟಿರಲಿಲ್ಲ. “ಗಮನಿಸಿ! ಬಿಟ್ಟುಬಂದ ವಸ್ತು: ಕನ್ನಡಕದ ಡಬ್ಬಿ.” ಕಾರು ಗಿರ್ರನೆ ತಿರುಗಿ ಮನೆಗೆ ಬಂತು. ಡಬ್ಬಿ ಹಿಡಿದು ಹತ್ತಲು ಹೋದರೆ ವಿಶಾಲು ಕಾರಿನ ಬಾಗಿಲಿಗೆ ಅಡ್ಡ ನಿಂತಳು.

“ಹೊರಟವರು ತಿರುಗಿ ಬಂದಿದ್ದೀರಿ. ಕೂತು ನೀರು ಕುಡಿದು ಹೋಗ್ಬೇಕು.”

ಕೂತು, ಕುಡಿದು, ಹೊರಟೆವು. ಹಾಲಿನ ಬೂತಿನ ಬಳಿ: “ಬಿಟ್ಟುಬಂದ ವಸ್ತು: ಉಗುರು ಕತ್ತರಿ.” ಮತ್ತೆ ಮನೆ, ಮತ್ತೆ ನೀರು. ರೈಲ್ವೆ ಗೇಟಿನ ಬಳಿ: “ಬಿಟ್ಟುಬಂದ ವಸ್ತು: ಹಿತ್ತಿಲ ಬಾಗಿಲ ಅಗುಳಿ.” ಆರನೆಯ ಸಲ ಒಳಗೆ ಬಂದಾಗ ನಾನು ಕುಡಿಯುವುದಕ್ಕಿಂತ ಮೊದಲು ಬೇರೆ ಕಡೆಗೆ ಓಡಬೇಕಾಯಿತು!

“ನಿಮ್ಮಿಂದ್ಲೇ ಭಾವ! ನೀವು ಇಷ್ಟೊಂದು ಯೋಚನೆ ಮಾಡ್ಬಾರ್ದು!”

“ಯೋಚಿಸದೇ ಇರೋದನ್ನ ನಿನ್ನಿಂದ ಕಲೀಬೇಕಯ್ಯ!”

ಗುಂಡ್ಲುಪೇಟೆ ದಾಟಿದಾಗ ಎರಡೂವರೆ. ಯಂತ್ರ ಸುಮ್ಮನಿತ್ತು. ಪಶುಪತಿ “ಮೇಲ್ಮೇಲಿನ ಮರೆವೆಲ್ಲ ಖಾಲಿ ಆಯ್ತು ನೋಡಿ,” ಎನ್ನುವಷ್ಟರಲ್ಲಿ ತಟ್ಟೆ ಕೆಂಪಗೆ ಮಿನುಗಿತು.

“ಗಮನಿಸಿ! ಬಿಟ್ಟುಬಂದ ವಸ್ತು: ಹುಲಿ. ಒಂದು.”

ನಾನು ಬ್ರೇಕ್ ಒತ್ತಿದೆ. ಕಾರು ಮಾತ್ರ ಹುರುಪುಗೊಂಡು, ಸಫಾರಿಯ ಗೇಟನ್ನು ತಿರುಗಿಯೂ ನೋಡದೆ ಧಾವಿಸಿ, ಕಾಡಿನ ನಡುವೆ ಆ ತಿರುವಿನಲ್ಲಿ, ಆ ಪೊದೆಯ ಎದುರಿನಲ್ಲೇ ಗಕ್ಕನೆ ನಿಂತಿತು. ಪಶುಪತಿ ತಂತಿ ಕಿತ್ತ. ತಟ್ಟೆಯನ್ನೂ ಕಿತ್ತು ಮಡಿಲಲ್ಲಿಟ್ಟುಕೊಂಡ. ಅದು ಮಡಿಲಿನಿಂದಲೇ ಕೂಗಿತು: “ಹುಲಿ ಬಾರದೆ ಹೊರಡುವಂತಿಲ್ಲ!”

ಜೀಪಿನಲ್ಲಿ ಬಂದ ಅರಣ್ಯ ಇಲಾಖೆಯ ಗಾರ್ಡ್ ನಮ್ಮ ಕಿಟಕಿಗೆ ಬಗ್ಗಿದ. “ಇಲ್ಲಿ ಗಾಡಿ ನಿಲ್ಸಂಗಿಲ್ಲ ಸಾ. ಯಾಕ್ ನಿಂತಿದ್ದೀರಿ?”

“ಹುಲಿ ಬರಬೇಕಪ್ಪ,” ಎಂದೆ.

“ಎಲ್ಲಾರ್ಗೂ ಬರ್ಬೇಕು ಸಾ! ಅದ್ಕೆ ಅಲ್ಲಿ ಟಿಕೇಟ್ ಕೊಡ್ತಾರೆ!”

ಮೂರೂವರೆ ದಾಟಿಹೋಯಿತು. ನಾನು ಸ್ಟೀರಿಂಗಿನ ಮೇಲೆ ಹಣೆಯಿಟ್ಟೆ. ವಿಶಾಲು ಬಹಳ ಹೊತ್ತು ಸೆರಗಿನ ಅಂಚು ಸುತ್ತುತ್ತ ಕುಳಿತಿದ್ದಳು.

“ರೀ... ಅವತ್ತು ಹುಲಿ ಇರ್ಲಿಲ್ಲ.”

“ಏನು?”

“ಮೈಸೂರಿಂದ ಅಲ್ಲೀವರೆಗೂ ನೀವು ಪುಸ್ತಕದಿಂದ ತಲೆ ಎತ್ತಿರ್ಲಿಲ್ಲ. ಹೊಸ ಸೀರೆ ಉಟ್ಟಿದ್ದೆ. ಜಿಂಕೆ ಅಂದೆ, ಎತ್ಲಿಲ್ಲ. ಆನೆ ಅಂದೆ, ‘ಹೂಂ’ ಅಂದ್ರಿ. ಕೊನೆಗೆ ಹುಲಿ ಅಂದೆ.”

ನಾನು ಅವಳ ಕಡೆ ತಿರುಗಿದೆ. “ಯಾವ ಬಣ್ಣದ ಸೀರೆ?”

“ನೋಡಿ! ಇದಕ್ಕೇ ಹೇಳಿದ್ದು! ಹಳದಿ. ಕಪ್ಪು ಅಂಚು.”

“ನಲವತ್ತೈದು ವರ್ಷ ಹೇಳ್ಲಿಲ್ವಲ್ಲೇ!”

“ನೀವು ಅಷ್ಟು ಕೊರಗ್ತಿದ್ರಿ. ಹೇಗೆ ಹೇಳ್ಲಿ?”

ಅವಳ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗು. ಎರಡನ್ನೂ ಒಟ್ಟಿಗೆ ಓದುವಷ್ಟು ಕಷ್ಟ ನನಗೆ ಯಾವ ಕವಿತೆಯಲ್ಲೂ ಆಗಿರಲಿಲ್ಲ. ನಾನು ನೋಡುತ್ತಲೇ ಕುಳಿತೆ. ಆಗ ಹಿಂದಿನಿಂದ ಪಶುಪತಿ ನನ್ನ ಭುಜ ಹಿಂಡಿದ. ಗಾರ್ಡ್ ಉಸಿರು ಬಿಗಿಹಿಡಿದು ಜೀಪಿಗೆ ಅಂಟಿಕೊಂಡ.

“ಭಾವ... ಭಾವ...”

“ಇರಯ್ಯ, ಮಾತಾಡ್ತಿದ್ದೀವಿ!”

ತಟ್ಟೆ ಹಸಿರಾಯಿತು. “ಗಮನಿಸಿ! ಹುಲಿ ಬಂದಿದೆ. ಹೊರಡಬಹುದು.”

ನಾವಿಬ್ಬರೂ ತಟ್ಟನೆ ಮುಂದಕ್ಕೆ ತಿರುಗಿದೆವು. ರಸ್ತೆ ಖಾಲಿ. ಪೊದೆ ಮಾತ್ರ ಅಲುಗುತ್ತಿತ್ತು.

“ಬಾನೆಟ್ ಸವರ್ಕೊಂಡು ಹೋಯ್ತಲ್ಲ ಸಾ!” ಎಂದ ಗಾರ್ಡ್. ಪಶುಪತಿಗೆ ಸಂಜೆಯವರೆಗೂ ಸ್ವರ ಹೊರಡಲಿಲ್ಲ. ಆ ಯಂತ್ರದಿಂದಾದ ಏಕೈಕ ಉಪಕಾರ ಅದು.

ಎಂಜಿನ್ ತಾನಾಗಿಯೇ ಗುರುಗುಟ್ಟಿತು. ನಾನು ಗೇರಿಗೆ ಕೈ ಹಾಕಿದಾಗ ವಿಶಾಲು ತಡೆದು ಸ್ಟೀಲಿನ ಕೂಜ ಎತ್ತಿದಳು.

“ಬಿಟ್ಟುಹೋದದ್ದಕ್ಕೆ ತಿರುಗಿ ಬಂದಿದ್ದೀವಿ. ನೀರು ಕುಡೀರಿ.”

ಕುಡಿದೆ. ಆ ದಿನದ ಏಳನೆಯ ಲೋಟ.