ನಾಲ್ಕನೆಯ ಗೋಲು

ಎಲ್ಲ ಫಜೀತಿಗೂ ಕಾರಣ ಒಂದು ಕಾಲಂ. ಕಾಲೇಜು ಫುಟ್‌ಬಾಲ್ ಪಂದ್ಯ ಮುಗಿದ ಮೇಲೆ ರೆಫರಿ ತುಂಬಿಕೊಡುವ ವರದಿಯಲ್ಲಿ ‘ನಿಮ್ಮಿಂದಾದ ತಪ್ಪುಗಳು’ ಎಂದೊಂದು ಕಾಲಂ ಇರುತ್ತದೆ. ವಾರವೆಲ್ಲ ಹೊಲಿಗೆ ಯಂತ್ರ ತುಳಿದು ಶನಿವಾರ ಸೀಟಿ ಊದುವ ನಮ್ಮ ಟೈಲರು ಹನ್ನೊಂದು ವರ್ಷದಿಂದ ಅಲ್ಲಿ ‘ಇಲ್ಲ’ ಎಂದು ಬರೆದು, ಅಷ್ಟಗಲ ರುಜು ಜಡಿಯುತ್ತಿದ್ದರು.

ಅವತ್ತು ಸೆಮಿಫೈನಲ್. ರೆಫರಿಗೆ ಅಂಕ ಹಾಕಲು ಪರಿಶೀಲಕರು ಬಂದಿದ್ದರು. ನೂರಕ್ಕೆ ತೊಂಬತ್ತು ಸಿಕ್ಕರೆ ಫೈನಲ್ ಆಡಿಸುವ ಭಾಗ್ಯ ಟೈಲರದು. ಅದೊಂದಕ್ಕಾಗಿ ಅವರು ಜೀವ ಹಿಡಿದುಕೊಂಡಿದ್ದರು ಅಂದರೂ ತಪ್ಪಿಲ್ಲ. ಪಕ್ಕದಂಗಡಿಯ ಕ್ಷೌರಿಕ ಸುದ್ದಿ ಹಬ್ಬಿಸಿ, ಅರ್ಧ ಬೀದಿಯನ್ನೇ ಮೈದಾನಕ್ಕೆ ಎಳೆತಂದಿದ್ದ. ಟೈಲರ ಹೆಂಡತಿಗಂತೂ ಮೊದಲ ಸಾಲು.

ಎಂಬತ್ತೊಂಬತ್ತನೆಯ ನಿಮಿಷದವರೆಗೆ ಟೈಲರು ಕೂದಲೆಳೆಯಷ್ಟೂ ತಪ್ಪಲಿಲ್ಲ. ಆಮೇಲೆ ಗೋಲಿನೆದುರು ಗುಂಪಿನಲ್ಲಿ ಸಿಕ್ಕಿಕೊಂಡರು. ಉದ್ದನೆಯ ಆಟಗಾರನೊಬ್ಬ ಒದ್ದ ಚೆಂಡು ಅವರ ಹಿಂಭಾಗಕ್ಕೆ ರಪ್ಪೆಂದು ಬಡಿದು ಬಲೆಯೊಳಗೆ ಹೋಯಿತು. ರೆಫರಿಗೆ ತಗುಲಿ ಹೋದದ್ದು ಗೋಲಲ್ಲ. ಆದರೆ ನೋವಿಗೆ ಬಾಯಲ್ಲಿದ್ದ ಸೀಟಿ ತಾನೇ ಕೂಗಿತು, ಕೈ ತಾನೇ ಚಾಚಿ ಮೈದಾನದ ನಡುವನ್ನು ತೋರಿಸಿತು. ಗೋಲಾಯಿತು ಅನ್ನಲು ರೆಫರಿ ತೋರಿಸುವುದೂ ಅದನ್ನೇ. ಮೂರಿದ್ದದ್ದು ನಾಲ್ಕಾಯಿತು. ಗುಂಪಿನ ಮರೆಯಲ್ಲಿ ಚೆಂಡು ಯಾರಿಗೆ ತಗುಲಿತೆಂಬುದು ಗೋಲಿನ ಹಿಂದೆ ನಿಂತಿದ್ದ ಕ್ಷೌರಿಕನ ಹೊರತು ಯಾರಿಗೂ ಕಾಣಲಿಲ್ಲ. ಉದ್ದನೆಯವನನ್ನು ಗೆಳೆಯರು ಹೆಗಲ ಮೇಲೆ ಹೊತ್ತು ಕುಣಿದರು.

ಪಂದ್ಯದ ನಂತರ ಪರಿಶೀಲಕರು ಬಟ್ಟೆ ಬದಲಿಸುವ ಕೋಣೆಗೆ ಬಂದರು. “ತೊಂಬತ್ತೆರಡು ಹಾಕಿದ್ದೀನಿ. ವರದಿ ಕೊಟ್ಬಿಡಿ, ಫೈನಲ್ ನಿಮ್ದೇ ಅಂತ ಬರೀತೀನಿ.”

ಕಿಟಕಿಯಿಂದ ಕ್ಷೌರಿಕ ಪಿಸುಗುಟ್ಟಿದ. “‘ಇಲ್ಲ’ ಅಂತ ಗೀಚಿ ಕೊಡಿ ಸ್ವಾಮಿ. ಮೂರು ಗೋಲಿಗೂ ಅವರೇ ಗೆಲ್ತಿದ್ರು. ಯಾರ ಮನೆ ಮುಳುಗ್ತು?”

“ನಿಂತ್ಕೊಂಡು ಯಾಕೆ ಬರೀತೀರಾ, ಕೂತ್ಕೊಳ್ರೀ,” ಅಂದರು ಬಾಗಿಲಲ್ಲಿ ನಿಂತಿದ್ದ ಹೆಂಡತಿ.

“ಕೂರಕ್ಕಾಗ್ತಿಲ್ಲ ಕಣೆ.”

ಹೆಂಡತಿಗೆ ಅರ್ಥವಾಯಿತು. “ಹಾಗಾದ್ರೆ ಅದನ್ನೇ ಬರೀರಿ,” ಅಂದರು.

ಟೈಲರು ಒಂದು ಗಳಿಗೆ ಪೆನ್ನು ಕಚ್ಚಿಕೊಂಡು ನಿಂತರು. ಆಮೇಲೆ ಬರೆದರು: ‘ನಾಲ್ಕನೆಯ ಗೋಲು ಹೊಡೆದದ್ದು ನಾನು.’ ರುಜು ಹಾಕುವಾಗ ಎದೆ ಉಬ್ಬಿತು. ಹನ್ನೊಂದು ವರ್ಷದಲ್ಲಿ ಯಾವ ರುಜುವಿಗೂ ಇಷ್ಟು ಹೆಮ್ಮೆಯಾಗಿರಲಿಲ್ಲ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಕ್ಷೌರಿಕ ಹಣೆ ಚಚ್ಚಿಕೊಂಡ.

ಪರಿಶೀಲಕರು ಓದಿದರು, ಮತ್ತೊಮ್ಮೆ ಓದಿದರು, ಫೋನು ಹಿಡಿದು ಹೊರಗೆ ಹೋದರು. ಹಿಂದಿರುಗಿದಾಗ ಅವರ ಮುಖ ಅರಳಿತ್ತು. “ತೊಂಬತ್ತೆಂಟು ಮಾಡಿದೀನಿ. ಪಂದ್ಯಾವಳಿ ಸಮಿತಿಯವರು ನಿಮ್ಮಂಥವರು ನಮ್ಮಲ್ಲಿರೋದೇ ಹೆಮ್ಮೆ ಅಂದ್ರು.”

“ಹಾಗಾದ್ರೆ ಫೈನಲ್?”

“ನೀವು ಬರಲೇಬೇಕು, ಪರಿಶೀಲಕರಾಗಿ. ತನ್ನ ತಪ್ಪು ತಾನೇ ಹಿಡಿಯೋರಿಗೆ ಇನ್ಮೇಲೆ ಅಂಕ ಹಾಕೋ ಕೆಲಸಾನೇ ಕೊಡ್ಬೇಕಂತೆ.”

“ಮತ್ತೆ ಸೀಟಿ ಊದೋರು ಯಾರು ಸರ್?”

“ನಾನು. ನಾನೂ ಒಂದ್ಸಲ ಹೀಗೇ ನಿಜ ಬರೆದುಕೊಟ್ಟು ಸೀಟಿ ಕಳ್ಕೊಂಡವನೇ,” ಎನ್ನುತ್ತ ಪರಿಶೀಲಕರು ಟೈಲರ ಕುತ್ತಿಗೆಯಿಂದ ಸೀಟಿ ಬಿಚ್ಚಿ ತಮ್ಮ ಕೊರಳಿಗೆ ಹಾಕಿಕೊಂಡರು. “ಇನ್ನೊಬ್ಬ ಬರೀಲಿ ಅಂತ ಹದಿನಾರು ವರ್ಷದಿಂದ ಕಾಯ್ತಾ ಕೂತಿದ್ದೆ.”