ಭಾವನ ಬಾಯಿ ಮುಚ್ಚಿಸಿದ ಗಾಳಿ

ನಮ್ಮ ಭಾವನನ್ನು ಸುಮ್ಮನಾಗಿಸುವುದು ಈ ಭೂಮಿಯ ಮೇಲೆ ಯಾರಿಂದಲೂ ಆಗಿಲ್ಲ. ಅಕ್ಕನಿಂದ ಆಗಿಲ್ಲ. ಹಲ್ಲಿನ ಡಾಕ್ಟರಿಂದಲೂ ಆಗಿಲ್ಲ. ಬಾಯಲ್ಲಿ ಯಂತ್ರ ಗುಂಯ್‌ಗುಡುತ್ತಿರುವಾಗಲೇ ಆ ಯಂತ್ರ ಹೇಗೆ ತಿರುಗಬೇಕೆಂದು ಅವರಿಗೇ ಪಾಠ ಹೇಳಿ ಬಂದ ಆಸಾಮಿ! ಅಂಥವರನ್ನು ಕಳೆದ ಬೇಸಿಗೆಯ ಒಂದು ಭಾನುವಾರ ಟ್ರೆಂಟ್ ನದಿಯ ದಂಡೆಯ ಗಾಳಿ ಪೂರಾ ನಾಲ್ಕು ನಿಮಿಷ ಸುಮ್ಮನಾಗಿಸಿತು. ಗಾಬರಿಯಾಗಬೇಡಿ. ಇದನ್ನು ಬರೆಯುತ್ತಿರುವಾಗ ಪಕ್ಕದ ಕೋಣೆಯಲ್ಲಿ ಅವರ ದನಿ ಜೋರಾಗಿಯೇ ಕೇಳುತ್ತಿದೆ.

ಭಾವ ಧಾರವಾಡದ ಕಡೆಯವರು. ಇಂಗ್ಲಿಷರ ನಾಡಿನ ಡರ್ಬಿಯ ವಿಮಾನದ ಇಂಜಿನ್ ಕಾರ್ಖಾನೆಯಲ್ಲಿ ಮೂವತ್ತು ವರ್ಷಗಳಿಂದ ಕೆಲಸ. ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಎಂದು ನೋಡುವುದೇ ಅವರ ಹೊಟ್ಟೆಪಾಡು. ಆ ಬೇಸಿಗೆಗೆ ಆರು ತಿಂಗಳ ಮೊದಲು ಅವರ ಎದೆಯೊಳಗೇ ಒಂದು ಕೊಳವೆ ಕಟ್ಟಿಕೊಂಡು, ಸ್ಟೆಂಟ್ ಹಾಕಿಸಿಕೊಂಡರು. ವಾಸಿಯಾದದ್ದೇ ತಡ, "ನದೀ ಗುಂಟ ಮೂರು ದಿನ ಸೈಕಲ್ ತುಳೀತೀನಿ" ಎಂದು ಘೋಷಿಸಿದರು.

ಆಸ್ಪತ್ರೆಯ ನರ್ಸಮ್ಮ ಅಡ್ಡಿ ಹೇಳಲಿಲ್ಲ. ಒಂದೇ ಷರತ್ತು: ತುಳಿಯುತ್ತಾ ಮಾತಾಡಲು ಆಗುತ್ತಿದ್ದರೆ ಸರಿ, ಮಾತು ನಿಂತಿತೋ, ನೀವೂ ನಿಲ್ಲಬೇಕು. ಇದನ್ನು ಕೇಳಿ ಅಕ್ಕ ಕಣ್ಣೀರಿನ ನಡುವೆಯೇ ನಕ್ಕುಬಿಟ್ಟಳು. "ಹಂಗಾದ್ರ ಇವರು ಹಿಮಾಲಯನೂ ಹತ್ತಬಹುದು!" ಆದರೂ ಶೆಫೀಲ್ಡಿನಿಂದ ನನ್ನನ್ನು ಕರೆಸಿ, ಎದೆನೋವು ಬಂದರೆ ನಾಲಿಗೆಯ ಕೆಳಗೆ ಹೊಡೆಯುವ ಸ್ಪ್ರೇಯನ್ನು ನನ್ನ ಜೇಬಿಗೆ ತುರುಕಿದಳು. "ತಮ್ಮಾ, ಇವರ ಮಾತಿನ ಮ್ಯಾಲೆ ಕಿವಿ ಇಟ್ಟಿರು. ಎದಿ ಮ್ಯಾಲೆ ನಾ ಕೈ ಇಟ್ಟಂಗ."

ಹೊರಡುವ ಮೊದಲೇ ಜಗಳ. ಈ ದೇಶದಲ್ಲಿ ಗಾಳಿ ಬಹುಪಾಲು ಪಶ್ಚಿಮದಿಂದ ಬೀಸುತ್ತದೆ. ಬುದ್ಧಿ ಇದ್ದವರು ಡರ್ಬಿಯಿಂದ ಹೊರಟು, ಗಾಳಿಯನ್ನು ಬೆನ್ನಿಗಿಟ್ಟುಕೊಂಡು, ಹೊಳೆ ಹರಿದ ಕಡೆಗೇ ಹಾಯಾಗಿ ತುಳಿಯುತ್ತಾರೆ. ಭಾವ ಮಾತ್ರ ಶುಕ್ರವಾರ ರೈಲಿನಲ್ಲಿ ಹೊಳೆಯ ಕೆಳಹರಿವಿನ ಗೇನ್ಸ್‌ಬರೋಗೆ ಹೋಗಿ, ಶನಿವಾರದಿಂದ ಗಾಳಿಗೆ ಎದುರಾಗಿ ಮನೆಯ ಕಡೆ ತುಳಿಯೋಣ ಎಂದರು. ಯಾಕೆ?

"ಶನಿವಾರ ಮೂಡಣಕ್ಕ ಶೂಲ ಅದ. ಆ ದಿಕ್ಕಿಗೆ ಹೊರಡಬಾರದು."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಲ್ಯಾಣಮಂಟಪ ಸುಲಭವಾಗಿ ಸಿಗುತ್ತದೆಂದು ಅಮಾವಾಸ್ಯೆಯ ದಿನ ಮದುವೆಯಾದ ಮನುಷ್ಯ ಇವರು! ರಾಹುಕಾಲದಲ್ಲೇ ಮನೆಯ ಮಾರ್ಟ್‌ಗೇಜ್ ಕಾಗದಕ್ಕೆ ಸಹಿ ಹಾಕಿದವರು! ಅವರ ಮಗಳಂತೂ ಕನ್ನಡದ ಜಗಳ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ತೀರ್ಪು ಕೊಟ್ಟಳು. "ಡ್ಯಾಡ್, ವಿಂಡ್ ಈಸ್ ಲಿಟರಲಿ ಯುವರ್ ಜಾಬ್!"

ಶನಿವಾರ ಹೇಗೋ ಕಳೆದು ನ್ಯೂಆರ್ಕ್ ಸೇರಿದೆವು. ಭಾನುವಾರ ಬೆಳಿಗ್ಗೆ ನಾಟಿಂಗ್‌ಹ್ಯಾಮ್ ಕಡೆಗೆ ಹೊರಟಾಗ ಗಾಳಿ ನಿಜರೂಪ ತೋರಿಸಿತು. ಪ್ರವಾಹ ತಡೆಯಲು ಕಟ್ಟಿದ ಎತ್ತರದ ಏರಿಯ ಮೇಲೆ ನಮ್ಮ ದಾರಿ. ಅಲ್ಲಿ ಒಂದು ಮರವಿಲ್ಲ, ಗೋಡೆಯಿಲ್ಲ. ತುಳಿದಷ್ಟೂ ನಿಂತಲ್ಲೇ ಇದ್ದೆವು. ಕೆಳಗೆ ಮೇಯುತ್ತಿದ್ದ ಹಸುವೊಂದು ನಮ್ಮನ್ನು ನಿಧಾನವಾಗಿ ದಾಟಿ ಮುಂದೆ ಹೋಯಿತು. ತಿರುಗಿ ಬೇರೆ ನೋಡಿತು!

ಒಂದು ಗೇಟಿನ ಹತ್ತಿರ ಭಾವ ತಿಂಡಿಗೆಂದು ಡಬ್ಬಿ ತೆರೆದರು. ಅಕ್ಕ ಬಡಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಮೇಲಿನ ರೊಟ್ಟಿ ತಟ್ಟನೆ ಎದ್ದು, ಗಿರಗಿರನೆ ತಿರುಗುತ್ತಾ ನದಿಯ ಮಧ್ಯಕ್ಕೆ ಹಾರಿತು. ಬಿಳಿ ಹಂಸವೊಂದು ಗರ್ವದಿಂದ ಬಂದು ಕುಕ್ಕಿತು, ಮತ್ತೆ ಕುಕ್ಕಿತು, ಆಮೇಲೆ ಅವಮಾನವಾದಂತೆ ಕತ್ತು ಆಚೆ ತಿರುಗಿಸಿಕೊಂಡು ಹೋಯಿತು.

"ನಿಮ್ಮ ಅಕ್ಕನ ರೊಟ್ಟಿ ಅಂದ್ರ ಸುಮ್ಮನ ಏನ್ಲೇ? ಏನು ಹಾರಿತು ನೋಡು! ನಮ್ಮ ಫ್ಯಾಕ್ಟರಿಯೊಳಗ ಇಂಥಾ ಫ್ಯಾನಿನ ಬ್ಲೇಡ್ ಮಾಡಾಕ ಬರೂದಿಲ್ಲ."

"ಅಕ್ಕನಿಗೆ ಹೇಳಲೇನು ಭಾವಾ?"

"ಹೇಳು. ನೀ ಅಂದಿ ಅಂತ ಹೇಳು!"

ಅಲ್ಲಿಂದ ಮುಂದೆ ವಿಜ್ಞಾನ ಶುರುವಾಯಿತು. ನಾನು ಮುಂದೆ, ಅವರು ನನ್ನ ಬೆನ್ನಿಗಂಟಿಕೊಂಡು ಹಿಂದೆ. ಮುಂದಿನವನು ಗಾಳಿ ಸೀಳಿದರೆ ಹಿಂದಿನವನಿಗೆ ಶ್ರಮ ಕಡಿಮೆಯಂತೆ. "ಇನ್ನಷ್ಟು ಅಗಲ ಆಗಲೇ ತಮ್ಮಾ! ಇಷ್ಟು ವರ್ಷ ತಿಂದಿದ್ದು ಯಾವಾಗ ಉಪಯೋಗಕ್ಕ ಬರಬೇಕು?" ಗಾಳಿ ನನ್ನ ಮುಖಕ್ಕೆ ಹೊಡೆಯುತ್ತಿತ್ತು, ಮಾತು ಬೆನ್ನಿಗೆ. ನಾನು ಬೈದುಕೊಳ್ಳುತ್ತಲೇ ನಿಶ್ಚಿಂತೆಯಿಂದ ತುಳಿಯುತ್ತಿದ್ದೆ. ಮಾತು ಇದೆಯಲ್ಲ, ಸಾಕು.

ಒಂದು ಸೇತುವೆ ದಾಟಿದ ಮೇಲೆ ಇದ್ದಕ್ಕಿದ್ದಂತೆ ಏನೋ ಆರಾಮೆನಿಸಿತು. ಒಳ್ಳೆಯ ಮೌನ. ಅರ್ಧ ನಿಮಿಷ ಅದನ್ನು ಅನುಭವಿಸಿದೆ ಕೂಡ, ಪಾಪಿ ನಾನು!

ಆಮೇಲೆ ನರ್ಸಮ್ಮನ ಷರತ್ತು ನೆನಪಾಯಿತು. ತಿರುಗಿ ನೋಡಿದರೆ ಹಿಂದೆ ಬರೀ ಹುಲ್ಲು, ಬರೀ ಏರಿ.

ಸೈಕಲ್ ತಿರುಗಿಸಿದೆ. ಬೆಳಗಿನಿಂದ ಕಾಡಿದ ಗಾಳಿ ಈಗ ನನ್ನನ್ನು ಎತ್ತಿಕೊಂಡೇ ಓಡಿತು. ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ಕೈ ಜೇಬಿನ ಸ್ಪ್ರೇ ಮೇಲೆ. ಅಕ್ಕನಿಗೆ ಹೇಳಬೇಕಾದ ಮಾತು ತಲೆಯಲ್ಲಿ ತಾನಾಗಿ ಜೋಡಣೆಯಾಗುತ್ತಿತ್ತು. ಅದನ್ನು ತಳ್ಳಿ ತಳ್ಳಿ ತುಳಿದೆ.

ಸೇತುವೆಯ ಆಚೆ, ಏರಿಯ ಇಳಿಜಾರಿನಲ್ಲಿ, ಸೈಕಲ್ ಮಲಗಿಸಿ ಭಾವ ಕೂತಿದ್ದರು. ಕೈ ಎದೆಯ ಮೇಲೆ.

"ಭಾವಾ! ನೋವೇನು? ಸ್ಪ್ರೇ ಬೇಕೇನು?"

ಅವರು ಬೇಡವೆಂದು ತಲೆಯಾಡಿಸಿದರು. ಒಂದು ಬೆರಳೆತ್ತಿ ತಡಿ ಎಂದು ಸನ್ನೆ ಮಾಡಿದರು. ಉಸಿರು ಎಳೆದುಕೊಂಡರು. ಮತ್ತೊಮ್ಮೆ ಎಳೆದುಕೊಂಡರು. ನನ್ನ ಜನ್ಮದಲ್ಲಿ ಅವರ ಮಾತಿಗಾಗಿ ಅಷ್ಟು ಕಾದವನಲ್ಲ.

"ನೋವಿಲ್ಲ," ಎಂದರು ಕೊನೆಗೆ. "ಮಾತು ನಿಂತಿತು, ನಾನೂ ನಿಂತೆ. ಆಕಿ ಹೇಳಿದ್ದಳಲ್ಲ, ನರ್ಸಬಾಯಿ. ಇಷ್ಟಕ್ಕ ಅಳತೀಯೇನ್ಲೇ?"

"ಗಾಳಿಗೆ ಕಣ್ಣಲ್ಲಿ ನೀರು!" ಎಂದು ರೇಗಿದೆ. ಸಮಾಧಾನವಾದ ಮೇಲೆ ಬರುವ ಸಿಟ್ಟು ಇದೆಯಲ್ಲ, ಅದಕ್ಕೆ ತಳವೇ ಇಲ್ಲ. "ಎಲ್ಲಾ ಆ ಹಾಳು ಶೂಲದಿಂದ! ನನಗೂ ಅಜ್ಜಿ ಕಲಿಸಿದ್ದಾಳೆ. ಶನಿ ಸೋಮ ಮೂಡಣಕ್ಕೆ, ರವಿ ಶುಕ್ರ..."

ನನ್ನ ಮಾತು ಅಲ್ಲಿಗೇ ನಿಂತಿತು. ರವಿ, ಶುಕ್ರ ಪಡುವಣಕ್ಕೆ. ಇವತ್ತು ಭಾನುವಾರ. ನಾವು ತುಳಿಯುತ್ತಿರುವುದು ಪಡುವಣಕ್ಕೆ!

"ಭಾವಾ, ಇವತ್ತು ಶೂಲ ಈ ಕಡೆಗೇ ಇದೆ."

"ಗೊತ್ತದ."

"ಮತ್ತೆ?"

ಅವರು ಹುಲ್ಲು ಕೀಳುತ್ತಾ ನದಿಯ ಕಡೆ ನೋಡಿದರು. ದನಿ ತಗ್ಗಿತ್ತು. "ಬೆನ್ನ ಹಿಂದಿನ ಗಾಳಿ ಛಲೋನೇ. ಆದ್ರ ಅದು ದಿನಾ ದಿನಾ ಮನೀಯಿಂದ ದೂರ ತಳ್ಳತದ. ಹಿಂಗ ಬಂದ್ರ ಒಂದೊಂದು ಮೈಲಿಗೂ ನಿಮ್ಮ ಅಕ್ಕ ಹತ್ತಿರ ಆಗತಾಳ. ನನಗೇನರ ಆದ್ರ ಆಕಿ ಭಾಳ ದೂರ ಓಡಿ ಬರೂದು ಬ್ಯಾಡ ಅಂತ. ಇಷ್ಟು ಅಂಜಿಕಿ ಅದ ಅಂತ ಆಕಿ ಮುಂದ ಹೆಂಗ ಹೇಳಲಿ? ಶೂಲ ಅಂದೆ."

ನಾನು ಅವರ ಸೈಕಲನ್ನು ಎತ್ತಿ ನಿಲ್ಲಿಸಿದೆ. ಅಷ್ಟರಲ್ಲಿ ಅಕ್ಕನ ಫೋನ್ ಬಂತು.

"ಎಲ್ಲೀತನ ಬಂದ್ರಿ? ಆರಾಮ ಇದ್ದಾರ? ಮಾತಾಡಾಕತ್ತಾರೇನು?"

ನಾನು ಭಾವನ ಮುಖ ನೋಡಿದೆ. ಅವರು ಆಗಲೇ ಎದ್ದು, ನನ್ನ ಸೀಟು ಎರಡಿಂಚು ಮೇಲಿರಬೇಕೆಂದೂ, ಆಗ ಗಾಳಿ ಹೇಗೆ ಸೀಳುತ್ತದೆಂದೂ, ನಿನ್ನೆಯೇ ಹೇಳಿದರೂ ಕತ್ತೆಯ ಕಿವಿಗೆ ಹೋಗಲಿಲ್ಲವೆಂದೂ ಶುರುಮಾಡಿದ್ದರು.

"ನೀನೇ ಕೇಳು," ಎಂದು ಫೋನನ್ನು ಅವರ ಕಡೆ ಹಿಡಿದೆ. "ಹತ್ತಿರ ಬಂದೆವು ಅಕ್ಕಾ. ಬಹಳ ಹತ್ತಿರ."

ಆಮೇಲೆ ಸೈಕಲ್ ಹತ್ತಿ, ಎದೆಯಗಲಿಸಿ, ಅವರ ಮುಂದೆ ಎಷ್ಟು ಅಗಲವಾಗಲು ಸಾಧ್ಯವೋ ಅಷ್ಟು ಅಗಲವಾಗಿ ಗಾಳಿಗೆ ಎದುರಾಗಿ ತುಳಿದೆ.